ಪೌಡರ್ ಒತ್ತಬೇಕು, ತಿಕ್ಕಬಾರದು: ಬಿಸಿಲಿನ ಮದುವೆಯಲ್ಲಿ ಕಾಂಪ್ಯಾಕ್ಟ್ ನಿಲ್ಲೋದು ಹೇಗೆ?

ಕಳ್ಳಕವಟಗಿ (ತಾ. ತಿಕೋಟಾ): ನಮ್ಮ ಭಾಗದಲ್ಲಿ ಮದುವೆ ಸೀಜನ್ ಜೋರಾಗೋದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೇ ಅಕ್ಷತೆ. ಬೆಳಿಗ್ಗೆ ಎಂಟಕ್ಕೆ ಮೇಕಪ್ ಮುಗಿಸಿ ಕೂತ ಮದುಮಗಳ ಮುಖದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಏನು ಉಳಿದಿರುತ್ತದೆ ನೋಡಿ. ಹಣೆ ಮೇಲೆ ಪೌಡರ್ ಗೆರೆ ಗೆರೆಯಾಗಿರುತ್ತದೆ, ಮೂಗಿನ ಪಕ್ಕ ಗಂಟು ಕಟ್ಟಿರುತ್ತದೆ, ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಆಲ್ಬಂ ಮನೆಗೆ ಬಂದ ಮೇಲೆ ಬೈಗುಳ ತಿನ್ನೋದು ಫೋಟೋಗ್ರಾಫರ್. ಪಾಪ, ಅವನ ತಪ್ಪು ಅದರಲ್ಲಿ ಭಾಳ ಕಡಿಮೆ.

ತಪ್ಪು ಇರೋದು ಎರಡು ಕಡೆ. ಒಂದು, ಪೌಡರ್ ಹಚ್ಚುವ ಕೈಯಲ್ಲಿ. ಇನ್ನೊಂದು, ಶೇಡ್ ಆರಿಸುವ ಕಣ್ಣಲ್ಲಿ. ಎರಡನೆಯದಕ್ಕೆ ನಮ್ಮ ಅಂಗಡಿಕಾರರೂ ಪಾಲುದಾರರು. ಅವರ ಮಾತು ಕೊನೆಗೆ ಬರೋಣ.

ಡಬ್ಬಿಯೊಳಗೆ ಏನಿದೆ?

ಬಳೆ ಅಂಗಡಿ, ಜನರಲ್ ಸ್ಟೋರ್ಸ್‌ಗಳಲ್ಲಿ ಕನ್ನಡಿ ಇರುವ ಚಪ್ಪಟೆ ಡಬ್ಬಿಗೆಲ್ಲ ನಾವು "ಕಾಂಪ್ಯಾಕ್ಟ್" ಅಂತಲೇ ಕರೀತೀವಿ. ಆದರೆ ಅದರಲ್ಲಿ ಎರಡು ಜಾತಿ ಇವೆ. ಬರೀ ಕಾಂಪ್ಯಾಕ್ಟ್ ಪೌಡರ್ ತೆಳುವಾದದ್ದು, ಮುಖದ ಜಿಡ್ಡು ಹೀರಿ ಹೊಳಪು ಕಡಿಮೆ ಮಾಡೋದು ಅದರ ಕೆಲಸ. ಪೌಡರ್ ಫೌಂಡೇಶನ್‌ನಲ್ಲಿ ಬಣ್ಣದ ಅಂಶ ಜಾಸ್ತಿ, ಕಲೆಗಳನ್ನು ಅದೇ ಮುಚ್ಚುತ್ತದೆ, ಕೆಳಗೆ ಬೇರೆ ಕ್ರೀಮ್ ಫೌಂಡೇಶನ್ ಬೇಕಾಗೋದಿಲ್ಲ. ಕೊಳ್ಳುವಾಗ ಡಬ್ಬಿ ಮೇಲೆ ಯಾವುದು ಬರೆದಿದೆ ಓದಿ. ಕಾಂಪ್ಯಾಕ್ಟ್ ತಂದು ಮೊಡವೆ ಕಲೆ ಮುಚ್ಚಲಿಲ್ಲ ಅಂತ ಮೇಲೆ ಮೇಲೆ ಹಚ್ಚಿದರೆ ಮುಖ ಸುಣ್ಣ ಬಳಿದ ಗೋಡೆ ಆಗುತ್ತದೆ, ಕಲೆ ಮಾತ್ರ ಅಲ್ಲೇ ಇರುತ್ತದೆ.

ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ನುಣುಪಿಗೆ ಟಾಲ್ಕ್, ಮೈಕಾ. ಹಿಡಿದು ಕೂರಲು ಸ್ವಲ್ಪ ಎಣ್ಣೆ ಅಂಶ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಬಣ್ಣಕ್ಕೆ ಐರನ್ ಆಕ್ಸೈಡ್, ಅಂದರೆ ಕೆಂಪು ಮಣ್ಣಿಗೆ ಬಣ್ಣ ಕೊಡುವ ಅದೇ ಕಬ್ಬಿಣದ ತುಕ್ಕು. ಕೆಂಪು, ಹಳದಿ, ಕಪ್ಪು ಆಕ್ಸೈಡ್‌ಗಳನ್ನು ಹೆಚ್ಚುಕಡಿಮೆ ಬೆರೆಸಿಯೇ ಎಲ್ಲ ಶೇಡ್ ಮಾಡ್ತಾರೆ. ಶೇಡ್ ತಿಳಿಯಾದಷ್ಟೂ ಅದರಲ್ಲಿ ಬಿಳಿ ಜಾಸ್ತಿ. ಆ ಬಿಳಿ ನಮ್ಮ ಕಂದು ಚರ್ಮದ ಮೇಲೆ ಕೂತಾಗ ಬೂದಿ ಬಣ್ಣ ಕಾಣುತ್ತದೆ. ಬೆಳ್ಳಗಾಗಲಿ ಅಂತ ಎರಡು ನಂಬರ್ ತಿಳಿ ಶೇಡ್ ಹಚ್ಚಿದವರ ಮುಖ ಬೂದಿ ಬಳಿದಂಗೆ ಕಾಣೋದು ಇದಕ್ಕೇ. ಕ್ಯಾಮೆರಾ ಫ್ಲ್ಯಾಶ್ ಬಿದ್ದರಂತೂ ಅದು ಇನ್ನೂ ಎದ್ದು ಕಾಣುತ್ತದೆ.

ಪೌಡರ್ ಫೌಂಡೇಶನ್‌ನ ಮೂಲ ಸಿನಿಮಾದ್ದು. 1930ರ ದಶಕದಲ್ಲಿ ಹಾಲಿವುಡ್‌ಗೆ ಬಣ್ಣದ ಸಿನಿಮಾ ಬಂದಾಗ ಹಳೆಯ ಜಿಡ್ಡಿನ ಬಣ್ಣ ಲೈಟಿಗೆ ಹೊಳೆಯತೊಡಗಿತು. ಆಗ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಒದ್ದೆ ಸ್ಪಂಜಿನಿಂದ ಹಚ್ಚುವ ಒತ್ತಿದ ಪೌಡರ್ ತಯಾರಿಸಿತು. ಹೆಸರು ಪ್ಯಾನ್‌ಕೇಕ್. ನಾಟಕ ನೋಡುವ, ಆಡಿಸುವ ಮಂದಿಗೆ ಈ ಹೆಸರು ಹೊಸದಲ್ಲ. ಅದಕ್ಕೂ ಮೊದಲು ನಮ್ಮ ಬಯಲಾಟದ ಬಣ್ಣದಲ್ಲಿ ಅರದಾಳ, ಇಂಗಳೀಕ ಇರ್ತಿದ್ದವು. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಆಟ ಮುಗಿದ ಮೇಲೆ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದ ಹಿರಿಯ ಕಲಾವಿದರ ಚರ್ಮ ಏನೇನು ತಡೆದುಕೊಂಡಿತೋ!

ಮೊದಲು ಚರ್ಮ, ಆಮೇಲೆ ಪೌಡರ್

ನಮ್ಮದು ಒಣ ಹವೆ. ಮಂಗಳೂರು ಕಡೆಯವರು ಯೂಟ್ಯೂಬ್‌ನಲ್ಲಿ ಹೇಳಿದ್ದು ನಮಗೆ ಪೂರ್ತಿ ಹೊಂದೋದಿಲ್ಲ. ಅಲ್ಲಿ ಬೆವರು ಆರೋದಿಲ್ಲ, ಇಲ್ಲಿ ಚರ್ಮವೇ ಒಣಗಿ ಬಿರಿಯುತ್ತದೆ. ಒಣ ಚರ್ಮದ ಮೇಲೆ ನೇರವಾಗಿ ಪೌಡರ್ ಹಾಕಿದರೆ ಅದು ಸಿಪ್ಪೆ ಎದ್ದ ಜಾಗ ಹುಡುಕಿ ಅಲ್ಲೇ ಕೂರುತ್ತದೆ. ಬಾಯಿ ಸುತ್ತ, ಮೂಗಿನ ಪಕ್ಕ ಬಿಳಿ ಬಿಳಿ ಕಾಣೋದು ಪೌಡರ್ ಜಾಸ್ತಿಯಾಗಿ ಮಾತ್ರ ಅಲ್ಲ, ಕೆಳಗೆ ಪಸೆ ಇಲ್ಲದ್ದಕ್ಕೆ. ಆದ್ದರಿಂದ ಎಣ್ಣೆ ಚರ್ಮದವರೂ ತೆಳು ಮಾಯಿಶ್ಚರೈಸರ್ ಬಿಡಬಾರದು. ಹಗಲು ಹೊರಗಿನ ಕಾರ್ಯಕ್ರಮವಿದ್ದರೆ ಅದರ ಮೇಲೆ ಸನ್‌ಸ್ಕ್ರೀನ್. ಕಾಂಪ್ಯಾಕ್ಟ್ ಮೇಲೆ ಎಸ್‌ಪಿಎಫ್ ಬರೆದಿದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ. ಅಷ್ಟು ರಕ್ಷಣೆ ಬೇಕಂದ್ರೆ ಪೌಡರ್ ಎಷ್ಟು ದಪ್ಪ ಹಚ್ಚಬೇಕಾಗುತ್ತದೆ ಅಂದರೆ ಹಾಗೆ ಯಾರೂ ಹಚ್ಚೋದಿಲ್ಲ.

ಇಲ್ಲಿ ಎಲ್ಲರೂ ಅವಸರ ಮಾಡ್ತಾರೆ. ಕ್ರೀಮ್ ಹಚ್ಚಿದ ಕೂಡಲೇ ಪೌಡರ್ ಹಾಕಿದರೆ ಹಿಟ್ಟಿಗೆ ನೀರು ಬಿದ್ದಂಗೆ ಗಂಟಾಗುತ್ತದೆ. ಹತ್ತು ನಿಮಿಷ ಬಿಡಿ, ಅಷ್ಟರಲ್ಲಿ ಕೂದಲು ಬಾಚಿಕೊಳ್ಳಿ. ಆಮೇಲೆ ಟಿಶ್ಯೂ ಅಥವಾ ತೆಳು ಹತ್ತಿ ಬಟ್ಟೆಯನ್ನು ಮುಖಕ್ಕೆ ಒತ್ತಿ ಮೇಲಿನ ಜಿಡ್ಡು ತೆಗೀರಿ. ಬೆರಳಿಂದ ಮುಟ್ಟಿದರೆ ಅಂಟಬಾರದು, ಆದರೆ ಒಣಗಿಯೂ ಇರಬಾರದು. ಆಗ ಪೌಡರ್ ಹಿಡಿಯಲು ಮುಖ ತಯಾರು.

ಮದುಮಗಳಿಗೆ ಇನ್ನೊಂದು ತೊಡಕಿದೆ, ಅರಿಶಿಣ. ಹಿಂದಿನ ದಿನ ಅರಿಶಿಣ, ಎಣ್ಣೆ ಹಚ್ಚಿ ಸುರಗಿ ನೀರು ಹಾಕಿದ ಮೇಲೆ ಮುಖ ಎರಡು ದಿನ ಹಳದಿಯಾಗೇ ಇರುತ್ತದೆ. ಆ ದಿನ ಅಂಗಡಿಗೆ ಹೋಗಿ ಶೇಡ್ ಆರಿಸಿದರೆ ಆ ಶೇಡ್ ಮುಂದೆ ಎಂದೂ ಹೊಂದೋದಿಲ್ಲ. ಕಾಂಪ್ಯಾಕ್ಟನ್ನು ಅರಿಶಿಣಕ್ಕೂ ಮೊದಲೇ, ಒಂದು ವಾರ ಮುಂಚೆ ತಂದಿಡಬೇಕು, ಒಂದು ಸಲ ಹಚ್ಚಿ ಎರಡು ತಾಸು ಬಿಟ್ಟು ನೋಡಬೇಕು. ಹಳದಿ ಇಳಿಸಲು ಹಾಲು ಇಲ್ಲವೇ ಸ್ವಲ್ಪ ಎಣ್ಣೆಯಿಂದ ಒರೆಸಿ, ಆಮೇಲೆ ಮೆತ್ತಗಿನ ಫೇಸ್‌ವಾಶ್ ಸಾಕು. ಕಡಲೆ ಹಿಟ್ಟು, ಸ್ಕ್ರಬ್ ಹಾಕಿ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡರೆ ಮರುದಿನ ಆ ಜಾಗದಲ್ಲಿ ಪೌಡರ್ ನಿಲ್ಲೋದಿಲ್ಲ, ಉರಿಯೂ ತಪ್ಪೋದಿಲ್ಲ.

ಹಚ್ಚುವ ಕೈ

ಡಬ್ಬಿ ಜೊತೆ ಬಂದ ಸ್ಪಂಜನ್ನು ಪೌಡರ್ ಮೇಲೆ ಒಂದೇ ಸಲ ಎಳೆಯಿರಿ. ಗರಗರ ತಿರುಗಿಸಬೇಡಿ. ಸ್ಪಂಜಿನ ಮೇಲೆ ಕಂಡೂ ಕಾಣದಷ್ಟು ಪೌಡರ್ ಬಂದರೆ ಅರ್ಧ ಮುಖಕ್ಕೆ ಸಾಕು. ಹಚ್ಚೋದು ಕೆನ್ನೆಯ ನಡುವಿನಿಂದ ಶುರು ಮಾಡಿ ಹೊರಗೆ, ಕಿವಿಯ ಕಡೆ. ಹಚ್ಚೋದು ಅಂದರೆ ಎಳೆಯೋದಲ್ಲ. ಸ್ಪಂಜನ್ನು ಚರ್ಮಕ್ಕೆ ಒತ್ತಿ, ಸ್ವಲ್ಪ ಹೊರಳಿಸಿ, ಎತ್ತಬೇಕು. ರೊಟ್ಟಿ ತಟ್ಟುವ ಕೈಗೆ ಇದನ್ನು ಹೆಚ್ಚು ಹೇಳಿಕೊಡಬೇಕಿಲ್ಲ. ತಿಕ್ಕಿದರೆ ಕೆಳಗಿನ ಕ್ರೀಮ್ ಕಿತ್ತು ಬರುತ್ತದೆ, ಪೌಡರ್ ಮೇಲೆ ಮೇಲೆ ತೇಲುತ್ತದೆ. ಒತ್ತಿದ ಪೌಡರ್ ಕೆಳಗಿನ ಪಸೆಗೆ ಅಂಟಿ ಕೂರುತ್ತದೆ. ಬಾಳಿಕೆಯ ಗುಟ್ಟು ಇದರಲ್ಲೇ ಮುಕ್ಕಾಲು ಪಾಲಿದೆ.

ಹಣೆ, ಮೂಗು, ಗದ್ದಕ್ಕೆ ಇನ್ನೊಂದು ತೆಳು ಪದರ ನಡೆಯುತ್ತದೆ, ಎಣ್ಣೆ ಬರೋದು ಅಲ್ಲೇ. ಕಣ್ಣ ಕೆಳಗೆ ಮಾತ್ರ ಸ್ಪಂಜಿನಲ್ಲಿ ಉಳಿದದ್ದಷ್ಟೇ ಸಾಕು. ಅಲ್ಲಿನ ಚರ್ಮ ತೆಳು, ನಕ್ಕಾಗ ಮಡಿಚುತ್ತದೆ, ಜಾಸ್ತಿ ಪೌಡರ್ ಇದ್ದರೆ ಇಪ್ಪತ್ತರ ಹುಡುಗಿಗೂ ಸುಕ್ಕು ಬರುತ್ತದೆ. ಮೂಗಿನ ಮೂಲೆಗೆ ಸ್ಪಂಜನ್ನು ಮಡಿಚಿ ಒತ್ತಿ. ಕೊನೆಗೆ ಉಳಿದದ್ದನ್ನು ದವಡೆ ದಾಟಿಸಿ ಕುತ್ತಿಗೆಗೆ, ಕಿವಿಗೆ ಇಳಿಸಿ. ಕಿವಿ ಮರೆಯೋರು ಭಾಳ ಮಂದಿ, ಜುಮಕಿ ಹಾಕಿದಾಗ ಗೊತ್ತಾಗುತ್ತದೆ.

ಎಲ್ಲ ಆದ ಮೇಲೆ ಸ್ವಚ್ಛ ಬ್ರಶ್ ಇದ್ದರೆ ಮೇಲಿನಿಂದ ಕೆಳಗೆ ಹಗುರ ಎಳೆಯಿರಿ. ಮುಖದ ಸಣ್ಣ ರೋಮ ಹೆಚ್ಚಾಗಿ ಕೆಳಮುಖವಾಗಿ ಬೆಳೆದಿರುತ್ತದೆ. ಉಲ್ಟಾ ಎಳೆದರೆ ಪೌಡರ್ ರೋಮದ ಮೇಲೆ ನಿಂತು ಮುಖ ತುಪ್ಪಳದಂಗೆ ಕಾಣುತ್ತದೆ.

ಡಬ್ಬಿ ಮೇಲೆ "ವೆಟ್ ಅಂಡ್ ಡ್ರೈ" ಅಂತ ಇದ್ದರೆ ಒದ್ದೆ ಸ್ಪಂಜಿನಲ್ಲೂ ಹಚ್ಚಬಹುದು, ಹಳೆಯ ಪ್ಯಾನ್‌ಕೇಕ್ ರೀತಿ. ಸ್ಪಂಜನ್ನು ನೀರಲ್ಲಿ ಅದ್ದಿ, ಟವೆಲ್‌ನಲ್ಲಿ ಗಟ್ಟಿಯಾಗಿ ಹಿಂಡಬೇಕು. ಮುಚ್ಚೋದು ಜಾಸ್ತಿ, ಬಾಳಿಕೆಯೂ ಜಾಸ್ತಿ. ಹಾಗೆ ಬರೆದಿರದ ಡಬ್ಬಿಗೆ ನೀರು ತಾಗಿಸಿದರೆ ಪೌಡರ್ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಸ್ಪಂಜಿಗೆ ಏನೂ ಬರೋದಿಲ್ಲ.

ಮಂಟಪದಲ್ಲಿ ಬೆವರು ಬಂದಾಗ ಆಗುವ ತಪ್ಪು ಒಂದೇ. ಬೆವರ ಮೇಲೆ ಮತ್ತೆ ಪೌಡರ್! ಮೊದಲು ಟಿಶ್ಯೂ ಒತ್ತಿ ಬೆವರು, ಜಿಡ್ಡು ಎತ್ತಬೇಕು, ಒರೆಸಬಾರದು. ಅಷ್ಟಕ್ಕೇ ಮುಖ ಸರಿ ಕಂಡರೆ ಪೌಡರ್ ಬೇಡವೇ ಬೇಡ. ಬೇಕಾದರೆ ಹೊಳೆಯುವ ಜಾಗಕ್ಕೆ ಮಾತ್ರ ಒತ್ತಿ. ಮದುಮಗಳ ಪಕ್ಕ ಕೂರುವ ತಂಗಿಯೋ ಗೆಳತಿಯೋ ಈ ಟಿಶ್ಯೂ ಕೆಲಸ ವಹಿಸಿಕೊಂಡರೆ ಸಾವಿರಾರು ರೂಪಾಯಿ ಕೊಟ್ಟ ಮೇಕಪ್ ಉಳಿಯುತ್ತದೆ. ದೊಡ್ಡ ಕೂಲರ್‌ನ ಗಾಳಿ ನೇರ ಮುಖಕ್ಕೆ ಬೀಳದಂತೆಯೂ ನೋಡಿಕೊಳ್ಳಲಿ, ಅದರ ತುಂತುರು ಪೌಡರ್ ಮೇಲೆ ಚುಕ್ಕೆ ಚುಕ್ಕೆ ಬೀಳಿಸುತ್ತದೆ.

ಪಾರ್ಲರ್ ನಡೆಸುವ ಅಕ್ಕಂದಿರಿಗೆ ಒಂದು ಮಾತು: ಒಬ್ಬರಿಗೆ ಹಚ್ಚಿದ ಸ್ಪಂಜು ತೊಳೆಯದೆ ಇನ್ನೊಬ್ಬರಿಗೆ ಬೇಡ. ಕಣ್ಣುಬೇನೆಯಂಥ ಸೋಂಕು ಹಾಗೇ ದಾಟುತ್ತದೆ. ಮನೆಯಲ್ಲೂ ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೌಡರ್ ಮೇಲೆ ಹೊಳೆಯುವ ಗಟ್ಟಿ ಕಲೆ ಆಗಿದ್ದರೆ ಅದು ನಿಮ್ಮದೇ ಮುಖದ ಎಣ್ಣೆ. ಸೆಲ್ಲೋಟೇಪ್ ಅಂಟಿಸಿ ಎತ್ತಿದರೆ ಆ ಪದರ ಬರುತ್ತದೆ.

ಶೇಡ್ ಮತ್ತು ಅಂಗಡಿ

ಶೇಡ್ ನೋಡೋದು ಅಂಗೈ ಮೇಲೂ ಅಲ್ಲ, ಮಣಿಕಟ್ಟಿನ ಮೇಲೂ ಅಲ್ಲ. ದವಡೆ ಅಂಚಿನಲ್ಲಿ ಹಚ್ಚಿ, ಅಂಗಡಿ ಟ್ಯೂಬ್‌ಲೈಟ್ ಬಿಟ್ಟು ಕಟ್ಟೆಗೆ ಬಂದು ಹಗಲ ಬೆಳಕಲ್ಲಿ ಕನ್ನಡಿ ನೋಡಿ. ಹಚ್ಚಿದ್ದು ಎಲ್ಲಿ ಅಂತ ಹುಡುಕಬೇಕಾಯಿತು ಅಂದರೆ ಅದೇ ನಿಮ್ಮ ಶೇಡ್. ಹತ್ತು ನಿಮಿಷ ತಡೆದು ಇನ್ನೊಮ್ಮೆ ನೋಡಿ, ಮುಖದ ಎಣ್ಣೆ ಕೂಡಿದ ಮೇಲೆ ಬಣ್ಣ ಸ್ವಲ್ಪ ಗಾಢ ಆಗುತ್ತದೆ. ಆಮೇಲೆ ಫ್ಲ್ಯಾಶ್ ಹಾಕಿ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೀರಿ. ಒಣದ್ರಾಕ್ಷಿ ಶೆಡ್‌ಗೆ, ತೋಟಕ್ಕೆ ಹೋಗುವ ಹೆಣ್ಣುಮಕ್ಕಳ ಮುಖ ಬಿಸಿಲಿಗೆ ಕಂದಿರುತ್ತದೆ, ಸೆರಗು ಹೊದ್ದ ಕುತ್ತಿಗೆ ತಿಳಿಯಾಗಿರುತ್ತದೆ. ಎರಡೂ ಕೂಡುವ ದವಡೆಯ ಬಣ್ಣಕ್ಕೇ ಹೊಂದಿಸಬೇಕು.

ಈಗ ಅಂಗಡಿಕಾರರ ಮಾತು. ಹಳ್ಳಿ ಅಂಗಡಿಗಳಲ್ಲಿ ಹೆಚ್ಚಾಗಿ ಒಂದೋ ಎರಡೋ ಶೇಡ್, ಅವೂ ತಿಳಿಯವೇ. "ಬೆಳ್ಳಂದು ಕೊಡ್ರಿ" ಅಂತ ಗಿರಾಕಿ ಕೇಳ್ತಾರೆ, ಅದಕ್ಕೆ ಅದನ್ನೇ ತರ್ತೀವಿ ಅನ್ನೋದು ಅವರ ಲೆಕ್ಕ. ಲೆಕ್ಕ ಸುಳ್ಳಲ್ಲ. ಆದರೆ ನಡು ಬಣ್ಣದ ಎರಡು, ಗಾಢ ಬಣ್ಣದ ಒಂದು ಡಬ್ಬಿ ಪಕ್ಕದಲ್ಲಿಟ್ಟು, ಕಟ್ಟೆಗೆ ಕರೆದು ಕನ್ನಡಿ ಕೊಟ್ಟು ನೋಡಿ. ಹೊಂದುವ ಶೇಡ್ ಒಮ್ಮೆ ಸಿಕ್ಕ ಗಿರಾಕಿ ಅದೇ ಡಬ್ಬಿಗಾಗಿ ವಿಜಯಪುರದ ಬಸ್ ಹತ್ತೋದಿಲ್ಲ, ನಿಮ್ಮಲ್ಲಿಗೇ ಬರ್ತಾರೆ.

ಬೆಳ್ಳಗಾಗುವ ಈ ಹಟ ಪೌಡರ್‌ಗೆ ನಿಲ್ಲೋದಿಲ್ಲ, ಬಿಳುಪಿನ ಕ್ರೀಮ್‌ಗೆ ಹೋಗುತ್ತದೆ. ಅಲ್ಲಿ ಇರೋದು ಫೋಟೊ ಕೆಡುವ ಮಾತಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಪ್ರಕರಣ ನೋಡಿದರು. ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸ್ತಿದ್ದರು, ಕಾರಣವಾಗಿ ಕಂಡದ್ದು ಪಾದರಸ. ನಮ್ಮ ದೇಶದ ನಿಯಮದಲ್ಲಿ ಮುಖಕ್ಕೆ ಹಚ್ಚುವ ಸಾಮಾನಿಗೆ ಪಾದರಸ ಬೆರೆಸುವಂತಿಲ್ಲ. ತಾನಾಗಿ ಸೇರಿದ್ದರೂ, ಕಣ್ಣಿನ ಮೇಕಪ್ ಬಿಟ್ಟು ಉಳಿದವುಗಳಲ್ಲಿ, ಹತ್ತು ಲಕ್ಷದಲ್ಲಿ 1 ಭಾಗ ದಾಟಬಾರದು. ವಿಳಾಸ ಇಲ್ಲದ, ವಾರದಲ್ಲಿ ಬಿಳಿ ಮಾಡ್ತೀವಿ ಅನ್ನುವ ಕ್ರೀಮ್ ನಿಮ್ಮ ಕಪಾಟಿನಲ್ಲಿ ಇದ್ದರೆ ಇವತ್ತೇ ಕೆಳಗಿಳಿಸಿ.

ಕಾಂಪ್ಯಾಕ್ಟ್ ಸ್ಟಾಕ್ ತರುವಾಗಲೂ ಡಬ್ಬಿ ತಿರುಗಿಸಿ ನೋಡಿ. ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರ್, ತಯಾರಿಕಾ ಲೈಸೆನ್ಸ್ ನಂಬರ್, ಬಳಸುವ ಕೊನೆಯ ದಿನಾಂಕ, ಪದಾರ್ಥಗಳ ಪಟ್ಟಿ, ಎಂಆರ್‌ಪಿ ಇರಲೇಬೇಕು. ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು, ನೋಂದಣಿ ನಂಬರ್ ಬೇಕು. ತೆರೆದ ಡಬ್ಬಿಯ ಚಿತ್ರದೊಳಗೆ 12 ಅಥವಾ 24 ಅಂತ ಬರೆದಿದ್ದರೆ ಅಷ್ಟು ತಿಂಗಳೊಳಗೆ, ತೆರೆದ ದಿನದಿಂದ ಲೆಕ್ಕ ಹಾಕಿ, ಬಳಸಿ ಮುಗಿಸಬೇಕು ಅಂತ ಅರ್ಥ. ನಕಲಿ ಮಾಲಿನಲ್ಲಿ ಅಕ್ಷರ ತಪ್ಪು, ಮಸುಕು ಮುದ್ರಣ, ದಿನಾಂಕದ ಮೇಲೆ ಇನ್ನೊಂದು ಸ್ಟಿಕ್ಕರ್ ಇರ್ತವೆ. ಹೋಲ್‌ಸೇಲ್‌ನವರ ಹತ್ತಿರ ಬಿಲ್ ಕೇಳಿ ತಗೊಳ್ಳಿ, ನಾಳೆ ತಕರಾರು ಬಂದರೆ ಕೈಯಲ್ಲಿ ಇರೋದು ಅದೊಂದೇ. ಮೋಸ ಹೋದ ಗಿರಾಕಿ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನಮ್ಮ ರಸ್ತೆ ಮೇಲೆ ಬಂದ ಡಬ್ಬಿ ಒಳಗೆ ಪುಡಿಯಾಗಿದ್ದರೆ ಎಸೆಯಬೇಡಿ. ಬಳಸುವವರು ಮನೆಯಲ್ಲಿ ಅದನ್ನು ಪೂರ್ತಿ ಪುಡಿ ಮಾಡಿ, ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಹನಿ ಹನಿ ಹಾಕಿ ಪೇಸ್ಟ್ ಮಾಡಿ, ಮೇಲೆ ಟಿಶ್ಯೂ ಇಟ್ಟು ನಾಣ್ಯದಿಂದ ಒತ್ತಿ, ಮುಚ್ಚಳ ತೆಗೆದು ಒಂದು ರಾತ್ರಿ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಒಲೆ, ದೀಪ ಹತ್ತಿರ ಇರಬಾರದು, ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ.