ಗ್ರಾಮಯುವಕ ಸಂಘಗಳೂ ಜಮೀನುದಾರರ ಕರ್ತವ್ಯವೂ

ಬೀದರ, ಭಾಲ್ಕಿ ಮತ್ತು ಔರಾದ ಸೀಮೆಯ ಅನೇಕ ಗ್ರಾಮಗಳಲ್ಲಿ ಯುವಕ ಸಂಘವೆಂಬ ಹೆಸರಿನ ಫಲಕವು ಗುಡಿಯ ಬಳಿಯಲ್ಲಿಯೋ ಪಂಚಾಯತಿಯ ಗೋಡೆಯ ಮೇಲೆಯೋ ಕಾಣಬರುವುದು. ಸಂಘವು ಹುಟ್ಟಿದ ವರ್ಷ ಕಬಡ್ಡಿ ಪಂದ್ಯವೂ ಉತ್ಸವವೂ ವಿಜೃಂಭಣೆಯಿಂದ ನಡೆದು, ಎರಡನೆಯ ವರ್ಷ ಪದಾಧಿಕಾರಿಗಳೊಳಗೆ ಮನಸ್ತಾಪವುಂಟಾಗಿ, ಮೂರನೆಯ ವರ್ಷ ಫಲಕವೊಂದೇ ಉಳಿಯುವುದು ಅಪೂರ್ವವಲ್ಲ. ಅಷ್ಟರೊಳಗೆ ಸದಸ್ಯರಲ್ಲಿ ಕೆಲವರು ಹೈದರಾಬಾದಿಗೋ ಪುಣೆಗೋ ಕೂಲಿಗಾಗಿ ಹೊರಟುಹೋಗಿರುತ್ತಾರೆ. ಹೊಲದ ಕೆಲಸವು ವಯಸ್ಸಾದವರ ಪಾಲಿಗೆ ಬರುತ್ತದೆ. ಇದಕ್ಕೆ ಹುಡುಗರ ಚಪಲತೆಯೇ ಕಾರಣವೆಂದು ಹಿರಿಯರು ಹೇಳುವುದುಂಟು. ನಮ್ಮ ಅಭಿಪ್ರಾಯವು ಬೇರೆ. ತನ್ನದೆಂದು ಹೇಳಿಕೊಳ್ಳತಕ್ಕ ಒಂದು ತುಂಡು ಭೂಮಿಯಾಗಲಿ ಒಂದು ಕರುವಾಗಲಿ ಸಂಘದ ಹುಡುಗನ ಕೈಗೆ ಬಾರದಿರುವುದೇ ಮುಖ್ಯವಾದ ಕಾರಣವಾಗಿದೆ.

ಈ ಮಾತಿಗೆ ಆಧಾರವಾಗಿ ಅಮೆರಿಕಾ ದೇಶದ ವೃತ್ತಾಂತವನ್ನು ತಿಳಿಸುವುದು ಉಚಿತ. ಅಲ್ಲಿನ ಒಹಾಯೊ ಪ್ರಾಂತದಲ್ಲಿ 1902ರಲ್ಲಿ ಗ್ರಹಾಂ ಎಂಬ ಶಾಲಾಧಿಕಾರಿಯು ರೈತರ ಮಕ್ಕಳನ್ನು ಕೂಡಿಸಿ ಸಂಘವೊಂದನ್ನು ಸ್ಥಾಪಿಸಿ, ಮುಸುಕಿನ ಜೋಳ ಮೊದಲಾದವುಗಳನ್ನು ಅವರವರ ಮನೆಯ ಹೊಲದಲ್ಲಿಯೇ ಬೆಳೆಯಿಸಿದನು. ಆ ಕಾಲದಲ್ಲಿ ಕೃಷಿ ಕಾಲೇಜಿನವರ ಮಾತನ್ನು ತಂದೆಗಳು ನಂಬುತ್ತಿರಲಿಲ್ಲ. ಮಗನ ಹೊಲದ ತೆನೆಯನ್ನು ಮಾತ್ರ ನಂಬದೆ ಇರಲಾಗಲಿಲ್ಲ. ದಕ್ಷಿಣ ಕೆರೊಲಿನಾ ಪ್ರಾಂತದಲ್ಲಿ 1910ರಲ್ಲಿ ಜೆರ್ರಿ ಮೂರ್ ಎಂಬ ಬಾಲಕನು ಒಂದೇ ಎಕರೆಯಲ್ಲಿ 228 ಬುಷೆಲ್ಲುಗಳಿಗೆ ಮಿಕ್ಕಿ, ಅಂದರೆ ಸುಮಾರು 58 ಕ್ವಿಂಟಾಲು ಮುಸುಕಿನ ಜೋಳವನ್ನು ಬೆಳೆದುದು ದೇಶದಲ್ಲೆಲ್ಲಾ ಪ್ರಸಿದ್ಧವಾಯಿತು. 1914ರಲ್ಲಿ ಆ ದೇಶದ ಸರ್ಕಾರವು ಕೃಷಿ ವಿಸ್ತರಣೆಗೆಂದು ಕಾಯಿದೆಯನ್ನು ಮಾಡಿ ಇಂಥ ಸಂಘಗಳಿಗೆ ಬೆಂಬಲವನ್ನು ಕೊಟ್ಟಿತು. ಇವೇ ಮುಂದೆ ನಾಲ್ಕು ಎಚ್ ಸಂಘಗಳೆಂದು ಹೆಸರಾದವು. ಸದಸ್ಯನ ಕೈಯಲ್ಲಿ ಸ್ವಂತ ಕಾರ್ಯವೊಂದಿರಬೇಕು, ಅದರ ಖರ್ಚುವೆಚ್ಚವನ್ನು ಅವನೇ ಬರೆದಿಡಬೇಕು, ಊರಿನವರೇ ಆದ ಹಿರಿಯರೊಬ್ಬರು ಸಂಬಳವಿಲ್ಲದೆ ಮಾರ್ಗದರ್ಶಕರಾಗಿರಬೇಕು ಎಂಬುದು ಅವುಗಳ ಪದ್ಧತಿ.

ನಮ್ಮ ದೇಶದಲ್ಲಿ 1952ನೆಯ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯು ಆರಂಭವಾದಾಗ ಯುವಕ ಮಂಡಲಗಳೂ ಮಹಿಳಾ ಮಂಡಲಗಳೂ ಅದರ ಅಂಗಗಳಾದವು. ಆಗ ಬೀದರ ಜಿಲ್ಲೆಯು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. 1972ರಲ್ಲಿ ನೆಹರೂ ಯುವ ಕೇಂದ್ರಗಳು ಹುಟ್ಟಿದವು. 2023ನೆಯ ಅಕ್ಟೋಬರ್ 31ರಂದು ಭಾರತ ಸರ್ಕಾರವು ಮೇರಾ ಯುವ ಭಾರತವೆಂಬ ಸಂಸ್ಥೆಯನ್ನು 15ರಿಂದ 29 ವರ್ಷದವರಿಗೋಸ್ಕರ ಏರ್ಪಡಿಸಿತು. ಇವುಗಳಿಂದ ಕ್ರೀಡೆ, ಶ್ರಮದಾನ, ತರಬೇತಿ ಮುಂತಾದುವಕ್ಕೆ ಅನುಕೂಲವಾಗಿರುವುದು ನಿಜ. ಆದರೆ ಮೇಲಿನಿಂದ ಬಂದ ಕಾರ್ಯಕ್ರಮವು ನಿಶ್ಚಿತ ದಿನದಂದು ಮುಗಿಯುವುದು; ಹೊಲದ ಕೆಲಸವಾದರೋ ಮಿರಗದಿಂದ ರಾಶಿಯವರೆಗೆ ಬಿಡುವಿಲ್ಲದ್ದು. ಸಂಘವು ಬಾಳಬೇಕಾದರೆ ಎರಡನೆಯದನ್ನೇ ಆಶ್ರಯಿಸಬೇಕು.

ಯಾವ ಕೆಲಸಗಳನ್ನು ಹಿಡಿಯಬಹುದೆಂದರೆ, ಮೊದಲನೆಯದಾಗಿ ಬಿತ್ತನೆ ಬೀಜದ ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ಸೋಯಾ ಅವರೆಯ ಬೇಸಾಯವು ಬಹಳವಾಗಿ ಹಬ್ಬಿದೆ. ಈ ಬೀಜದ ಸಿಪ್ಪೆ ಬಹು ತೆಳುವಾದ್ದರಿಂದ, ಚೀಲವನ್ನು ಎತ್ತಿ ಎಸೆದಮಾತ್ರಕ್ಕೆ ಕೂಡ ಮೊಳೆಯುವ ಶಕ್ತಿಯು ಕುಂದುವುದು. ನೂರು ಕಾಳುಗಳನ್ನು ಎಣಿಸಿ, ನೆನೆಸಿದ ಗೋಣಿತಟ್ಟಿನ ಮೇಲೆ ಹತ್ತು ಸಾಲಾಗಿ ಹರಡಿ, ಸುರುಳಿ ಸುತ್ತಿ ನೆರಳಿನಲ್ಲಿಟ್ಟು, ದಿನವೂ ನೀರು ಚಿಮುಕಿಸಿ, ಐದರಿಂದ ಏಳು ದಿನಗಳೊಳಗೆ ಬಿಚ್ಚಿ ಆರೋಗ್ಯವಾದ ಮೊಳಕೆಗಳನ್ನು ಎಣಿಸತಕ್ಕದ್ದು. ಎಪ್ಪತ್ತು ಮೊಳೆತರೆ ಬೀಜವು ಯೋಗ್ಯವಾದುದು. ಎಕರೆಗೆ 30 ಕಿಲೋ ಸಾಕು. ಅರವತ್ತೇ ಮೊಳೆತರೆ 35 ಕಿಲೋ ಹಾಕಬೇಕಾಗುವುದು. ಅದಕ್ಕಿಂತ ಬಹಳ ಕಡಿಮೆಯಾದರೆ ಬೇರೆ ಬೀಜವನ್ನು ಹುಡುಕುವುದೇ ಲೇಸು. ಹತ್ತು ಮಂದಿ ಹುಡುಗರು ರೋಹಿಣಿ ಮಳೆಯ ಕಾಲದಲ್ಲಿ ಮನೆಮನೆಗೆ ಹೋಗಿ ಈ ಪರೀಕ್ಷೆಯನ್ನು ಮಾಡಿಕೊಟ್ಟರೆ ಊರಿಗೆ ಎರಡನೆಯ ಸಲ ಬಿತ್ತುವ ನಷ್ಟವು ಬಹುಮಟ್ಟಿಗೆ ತಪ್ಪುವುದು. ಖರ್ಚೆಂದರೆ ಹಳೆಯ ಗೋಣಿಚೀಲ ಮಾತ್ರ.

ಎರಡನೆಯದು ತೊಗರಿಯ ಪ್ರಯೋಗ. ನೆಟೆ ರೋಗವು ಮಣ್ಣಿನಲ್ಲಿ ವಾಸಿಸುವ ಶಿಲೀಂಧ್ರದಿಂದ ಬರುವುದೆಂದೂ, ಬೀಜಕ್ಕೆ ಟ್ರೈಕೋಡರ್ಮಾ ಪುಡಿಯನ್ನು ಕಿಲೋ ಒಂದಕ್ಕೆ 4 ಗ್ರಾಮಿನಂತೆ ಲೇಪಿಸಿದರೆ ಅದರ ಬಾಧೆ ತಗ್ಗುವುದೆಂದೂ ಇಲಾಖೆಯವರು ಎಷ್ಟು ಬಾರಿ ಹೇಳಿದರೂ ಕೇಳುವವರು ಕೆಲವರೇ. ರೋಗ ಕಂಡ ಹೊಲದಲ್ಲಿ ಐದು ಗುಂಟೆಯನ್ನು ಹುಡುಗನಿಗೆ ಬಿಟ್ಟು, ಅರ್ಧಕ್ಕೆ ಲೇಪಿಸಿದ ಬೀಜವನ್ನೂ ಅರ್ಧಕ್ಕೆ ಬರಿಯ ಬೀಜವನ್ನೂ ಬಿತ್ತಿಸಿ, ಹೂವಾಡುವ ಕಾಲದಲ್ಲಿ ಒಣಗಿದ ಗಿಡಗಳನ್ನು ಎಣಿಸಲು ಹೇಳಿರಿ. ಎರಡು ಭಾಗಗಳ ಲೆಕ್ಕವು ಊರಿನವರ ಕಣ್ಣೆದುರಿಗೇ ಇರುವುದು. ಭೇದವು ಕಾಣದಿದ್ದರೆ ಅದನ್ನೂ ಮುಚ್ಚಿಡದೆ ಬರೆದಿಡತಕ್ಕದ್ದು. ಇಲಾಖೆಗೆ ಆ ಲೆಕ್ಕವೂ ಬೇಕಾಗಿದೆ.

ಮೂರನೆಯದು ದೇವಣಿ ಕರು. ಅಚ್ಚ ಬಿಳುಪಿನ ಬಾಳಂಕ್ಯಾ, ಮುಖದಲ್ಲಿ ಕಪ್ಪು ಛಾಯೆಯ ವನ್ನೇರಾ, ಕಪ್ಪು ಮಚ್ಚೆಗಳ ಶೇವೇರಾ ಎಂಬ ಭೇದಗಳುಳ್ಳ ಈ ತಳಿಯು ನಮ್ಮ ಸೀಮೆಯ ಭೂಷಣವಾಗಿದೆ. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ದೇವಣಿ ಸಂಶೋಧನಾ ಕೇಂದ್ರವಿದೆ. ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸುವುದು, ಜಂತಿನ ಔಷಧವನ್ನು ಕಾಲಕ್ಕೆ ಸರಿಯಾಗಿ ಹಾಕಿಸುವುದು, ತಿಂಗಳಿಗೊಮ್ಮೆ ಎದೆಯ ಸುತ್ತಳತೆಯನ್ನು ದಾರದಿಂದ ಅಳೆದು ಬರೆಯುವುದು, ಇವೆಲ್ಲವೂ ಹನ್ನೆರಡು ವರ್ಷದ ಬಾಲಕಿಯೂ ಮಾಡಬಲ್ಲ ಕೆಲಸಗಳು. ಬಾಲಕಿಯೆಂದು ಬೇಕೆಂದೇ ಬರೆದಿದ್ದೇವೆ. ಕರುಗಳ ಆರೈಕೆಯು ಮನೆಗಳಲ್ಲಿ ಬಹುಮಟ್ಟಿಗೆ ಹೆಣ್ಣುಮಕ್ಕಳದ್ದೇ ಆಗಿರುವಾಗ ಸಂಘದ ಪಟ್ಟಿಯಲ್ಲಿ ಅವರ ಹೆಸರಿಲ್ಲದಿರುವುದು ನ್ಯಾಯವಲ್ಲ.

ಇನ್ನು ಜಮೀನುದಾರರಿಗೆ ನೇರವಾಗಿ ಹೇಳಬೇಕಾದ ಮಾತೊಂದಿದೆ. ಕರುವಾಗಿರುವಾಗ ಮಗನದು, ಬೆಳೆದು ಮಾರುಕಟ್ಟೆಗೆ ಹೋಗುವಾಗ ತಂದೆಯದು ಎಂಬ ಏರ್ಪಾಡಿನಿಂದ ಎಷ್ಟೋ ಹುಡುಗರ ಉತ್ಸಾಹವು ಬತ್ತಿಹೋಗಿದೆ. ಐದು ಗುಂಟೆಯ ತೊಗರಿಯ ಹಣವು ದೊಡ್ಡ ಮೊತ್ತವೇನೂ ಅಲ್ಲ. ಬೀಜಗೊಬ್ಬರದ ಸಾಲವನ್ನು ಕಳೆದು ಉಳಿದುದು ಬೆಳೆದವನಿಗೆ ಸಲ್ಲತಕ್ಕದ್ದು. ಹತ್ತು ವರ್ಷ ತುಂಬಿದ ಮಕ್ಕಳ ಹೆಸರಿನಲ್ಲಿಯೇ ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು ತೆರೆಯಲು ಅವಕಾಶವಿರುವುದರಿಂದ ಹಣವನ್ನು ಅಲ್ಲಿ ಕಟ್ಟಿಸಿರಿ. ಸ್ವಂತ ಭೂಮಿಯಿಲ್ಲದ ಮನೆಯ ಹುಡುಗರು ಸಂಘದಲ್ಲಿ ಇದ್ದೇ ಇರುತ್ತಾರೆ. ಅವರೇ ಮೊದಲು ಊರು ಬಿಡುವವರು. ಅವರಿಗೆ ಒಂದು ಹಂಗಾಮಿಗೆ ಐದು ಗುಂಟೆಯನ್ನು ಬಿಟ್ಟುಕೊಟ್ಟರೆ ದೊಡ್ಡ ಹಿಡುವಳಿದಾರರಿಗೆ ಹಾನಿಯಿಲ್ಲ. ಭೂಮಿಯನ್ನು ಕೊಟ್ಟರೆ ಹಕ್ಕುಬಾಧ್ಯತೆಯ ತಂಟೆ ಬಂದೀತೆಂದು ಶಂಕಿಸುವವರು ಒಂದು ಮಣಕವನ್ನು ಸಾಕಲು ಕೊಡಲಿ.

ಮಾರ್ಗದರ್ಶಕರ ವಿಷಯದಲ್ಲಿ ಹೆಚ್ಚು ಬರೆಯಬೇಕಾದುದಿಲ್ಲ. ಅವರು ಊರಿನಲ್ಲಿಯೇ ವಾಸಮಾಡುವವರೂ ತಾವೇ ಹೊಲಕ್ಕಿಳಿಯುವವರೂ ಆಗಿರಬೇಕು. ಚುನಾವಣೆಗೆ ನಿಲ್ಲುವ ಆಸೆಯುಳ್ಳವರು ಆಗದಿದ್ದರೆ ಇನ್ನೂ ಒಳ್ಳೆಯದು. ಗೌಡರ ಮನೆಯವರೇ ಅಧ್ಯಕ್ಷರಾಗಬೇಕೆಂಬ ನಿಯಮವಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರಂತೆ ಏಳು ಮಂದಿ ಸೇರಿದರೆ ನೋಂದಣಿ ಮಾಡಿಸಬಹುದು. ಆದರೆ ಮೊದಲ ಬೆಳೆ ಕೈಗೆ ಬಂದ ಮೇಲೆ ಅದಕ್ಕೆ ಹೋಗುವುದು ವಾಸಿ. ಔರಾದ ತಾಲ್ಲೂಕಿನಲ್ಲಿ ಮನೆಯ ಮಾತು ಮರಾಠಿಯಾಗಿರುವ ಮಕ್ಕಳು ಬಹಳವಾದ್ದರಿಂದ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ತಮಗೆ ಬರುವ ಅಕ್ಷರದಲ್ಲಿ ಲೆಕ್ಕವನ್ನು ಬರೆಯಲಿ.

ಬೀಜದ ಲೇಪನ ಮತ್ತು ಮಣ್ಣಿನ ವಿಷಯದಲ್ಲಿ ಬೀದರದ ಜನವಾಡದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ, ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ ಕೇಳಬಹುದು. ಗೋಣಿತಟ್ಟಿನ ಪರೀಕ್ಷೆಗೆ ಯಾರನ್ನೂ ಕೇಳಬೇಕಾಗಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಅದನ್ನು ಆರಂಭಿಸಿದರೆ ಮಿರಗದ ಮಳೆ ಬೀಳುವುದರೊಳಗೆ ಫಲವು ತಿಳಿದು, ಬೇರೆ ಬೀಜವನ್ನು ತರಿಸಲು ಒಂದು ವಾರದ ಅವಕಾಶವು ಉಳಿಯುವುದು.