ಬೆನ್ನಿಗೊಂದು ಚೀಲ, ಕಿಟಕಿಗೊಂದು ಊರು

ರಜೆ ಬಂದರೆ ಸಾಕು, ಕಾಲೇಜಿನ ಅಣ್ಣ ಅಕ್ಕಂದಿರು ಬೆನ್ನಿಗೆ ಚೀಲ ಏರಿಸಿ ಒಬ್ಬೊಬ್ಬರೇ ರೈಲು ಹತ್ತಿಬಿಡುತ್ತಾರೆ. ಐದು ದಿನಕ್ಕೆ ಎಂಟು ಊರು! ರಾತ್ರಿ ರೈಲಿನಲ್ಲೇ ನಿದ್ದೆ, ಬೆಳಗ್ಗೆ ನಿಲ್ದಾಣದ ನಲ್ಲಿಯಲ್ಲೇ ಮುಖ ತೊಳೆಯುವುದು, ಮಧ್ಯಾಹ್ನ ಒಂದು ಕೋಟೆ, ಸಂಜೆ ಮತ್ತೆ ರೈಲು. ಮನೆಗೆ ಮರಳಿದಾಗ ಕಣ್ಣು ಕೆಂಪು, ಕಾಲು ಭಾರ, ಫೋನಿನ ತುಂಬ ಚಿತ್ರ. "ಇಷ್ಟು ಓಡಾಡಿ ಏನು ನೋಡಿದಿ?" ಎಂದು ಅಜ್ಜಿ ಕೇಳಿದರೆ ಉತ್ತರಕ್ಕಿಂತ ಮೊದಲು ಗೊರಕೆ ಬರುತ್ತದೆ.

ಅಜ್ಜಿಯ ಪ್ರಶ್ನೆ ಒಳ್ಳೆಯದೇ. ಹಾಗೆಂದು ಅಕ್ಕನ ಓಟವೂ ವ್ಯರ್ಥವಲ್ಲ. ಇಬ್ಬರ ಮಾತಿನಲ್ಲೂ ಎಷ್ಟು ಸತ್ಯವಿದೆ ಎಂದು ತಿಳಿಯಲು ವಿಜಯಪುರ ಜಿಲ್ಲೆಯ ರೈಲು ಹಾದಿಯಲ್ಲಿ ಒಮ್ಮೆ ಹೋಗಿಬರೋಣ. ಅದಕ್ಕೂ ಮೊದಲು, ಇದೇ ರೀತಿ ಹೊರಟಿದ್ದ ಒಬ್ಬ ಹಳೆಯ ಪ್ರಯಾಣಿಕರನ್ನು ನೆನೆಯೋಣ.

ಹನ್ನೆರಡಾಣೆಯ ಚೀಲ

ಅದು 1902. ಕಲ್ಕತ್ತಾದಲ್ಲಿ ಗೋಪಾಲಕೃಷ್ಣ ಗೋಖಲೆಯವರ ಮನೆಯಲ್ಲಿ ಒಂದು ತಿಂಗಳು ಇದ್ದ 32 ವರ್ಷದ ಬ್ಯಾರಿಸ್ಟರ್ ಒಬ್ಬರು ರಾಜಕೋಟಕ್ಕೆ ಮರಳಬೇಕಿತ್ತು. ಮೂರನೇ ದರ್ಜೆಯ ಡಬ್ಬಿಯಲ್ಲಿ ಜನ ಹೇಗೆ ಪ್ರಯಾಣ ಮಾಡುತ್ತಾರೆ ಎಂಬುದನ್ನು ಸ್ವತಃ ಅನುಭವಿಸಬೇಕೆಂದು ಅವರ ಆಸೆ. ಹನ್ನೆರಡಾಣೆ ಕೊಟ್ಟು ಒಂದು ಕ್ಯಾನ್ವಾಸ್ ಚೀಲ ಕೊಂಡರು. ಅದರಲ್ಲಿ ಒಂದು ಉಣ್ಣೆಯ ಕೋಟು, ಒಂದು ಧೋತರ, ಒಂದು ಅಂಗಿ, ಒಂದು ಟವೆಲ್. ಜೊತೆಗೆ ಹೊದೆಯಲು ಕಂಬಳಿ, ಕುಡಿಯಲು ನೀರಿನ ತಂಬಿಗೆ. ಗೋಖಲೆಯವರು ಒಂದು ಲೋಹದ ಬುತ್ತಿ ಡಬ್ಬಿ ಕೊಟ್ಟು, ಅದರ ತುಂಬ ಸಿಹಿ ಉಂಡೆ, ಪೂರಿ ಹಾಕಿಸಿ, ನಿಲ್ದಾಣದವರೆಗೂ ಬಂದು ಕಳಿಸಿದರು.

ಆ ಬ್ಯಾರಿಸ್ಟರ್ ಯಾರೆಂದು ಊಹಿಸಿದಿರಾ? ಮೋಹನದಾಸ ಕರಮಚಂದ ಗಾಂಧಿ! ಕಾಶಿ, ಆಗ್ರಾ, ಜಯಪುರ, ಪಾಲನಪುರಗಳಲ್ಲಿ ಒಂದೊಂದೇ ದಿನ ಇಳಿದು, ಪಾಲನಪುರ ಬಿಟ್ಟು ಉಳಿದ ಕಡೆ ಸಾಮಾನ್ಯ ಯಾತ್ರಿಕರಂತೆ ಧರ್ಮಶಾಲೆಗಳಲ್ಲೋ ಪಂಡರ ಮನೆಗಳಲ್ಲೋ ತಂಗುತ್ತ ಅವರು ಊರು ಸೇರಿದರು. ರೈಲಿನ ಟಿಕೆಟ್ಟೂ ಸೇರಿ ಖರ್ಚು 31 ರೂಪಾಯಿ ದಾಟಲಿಲ್ಲವೆಂದು ಆತ್ಮಕಥೆಯಲ್ಲಿ ನೆನಪಿಸಿಕೊಂಡಿದ್ದಾರೆ. ವೇಗದ ಮೇಲ್ ಗಾಡಿಗಿಂತ ಸಾಧಾರಣ ಗಾಡಿಯೇ ಅವರಿಗೆ ಹೆಚ್ಚು ಇಷ್ಟವಾಗಿತ್ತು, ಏಕೆಂದರೆ ಅದರಲ್ಲಿ ನೂಕುನುಗ್ಗಲು ಕಡಿಮೆ, ದರವೂ ಕಡಿಮೆ. ಒಂಟಿ ಚೀಲದ ಓಟ ಇಂದಿನ ಹುಡುಗರು ಕಂಡುಹಿಡಿದದ್ದಲ್ಲ ಎಂದಾಯಿತು!

ಬರಗಾಲ ತಂದ ರೈಲು

ಈಗ ನಮ್ಮ ಹಾದಿಗೆ ಬನ್ನಿ. ಸೋಲಾಪುರದ ಪಕ್ಕದ ಹೋಟಗಿಯಿಂದ ದಕ್ಷಿಣಕ್ಕೆ ತಿರುಗುವ ಹಳಿ ಭೀಮಾ ನದಿ ದಾಟಿ ಇಂಡಿ ತಾಲ್ಲೂಕಿಗೆ ಬರುತ್ತದೆ. ವಿಜಯಪುರ, ಆಲಮಟ್ಟಿ, ಬಾಗಲಕೋಟೆ ಹಾದು ಗದಗ ಸೇರುತ್ತದೆ. 1876ರಿಂದ 78ರವರೆಗೆ ಈ ಸೀಮೆಯಲ್ಲಿ ಭೀಕರ ಬರ ಬಿದ್ದಿತ್ತು. ಬೇರೆ ಕಡೆ ಧಾನ್ಯವಿದ್ದರೂ ಇಲ್ಲಿಗೆ ಬೇಗ ತರಲು ದಾರಿಯಿರಲಿಲ್ಲ. ಅಂಥ ಸಂಕಟ ಮತ್ತೆ ಬಾರದಿರಲೆಂಬುದೂ ಈ ಹಳಿ ಹಾಕಲು ಒಂದು ಕಾರಣ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಅದೇ ದಶಕದಲ್ಲಿ ಇಲ್ಲಿ ರೈಲು ಓಡಿಸಿತು.

ಅದು ಮೀಟರ್ ಗೇಜ್. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಈಗಿರುವುದು 1,676 ಮಿಲಿಮೀಟರಿನ ಬ್ರಾಡ್‌ಗೇಜ್. ಈ ಶತಮಾನದ ಮೊದಲ ದಶಕದಲ್ಲಿ ಹಂತಹಂತವಾಗಿ ಬದಲಾಯಿತು. ಕಲ್ಲಿದ್ದಲಿನ ಎಂಜಿನ್ ಇದ್ದ ಕಾಲದ ಅಜ್ಜಂದಿರನ್ನು ಕೇಳಿ: ಕಿಟಕಿಯ ಹೊರಗೆ ತಲೆ ಹಾಕಿದರೆ ಕಣ್ಣಿಗೆ ಕಿಡಿ, ಇಳಿದಾಗ ಬಿಳಿ ಅಂಗಿಗೆ ಕರಿ ಚುಕ್ಕಿ.

ಕೂತರೂ ದಣಿವೇಕೆ?

"ರೈಲೇ ಓಡುತ್ತದೆ, ನಾವು ಕೂತಿರುತ್ತೇವೆ. ಮತ್ತೆ ಸುಸ್ತೇಕೆ?" ಮಕ್ಕಳು ಕೇಳಬೇಕಾದ ಪ್ರಶ್ನೆಯೇ ಇದು.

ಡಬ್ಬಿ ಅತ್ತಿತ್ತ ತೂಗುವಾಗ ನಾವು ಬೀಳದಂತೆ ಬೆನ್ನು, ಕುತ್ತಿಗೆ, ಸೊಂಟದ ಸ್ನಾಯುಗಳು ಪುಟ್ಟಪುಟ್ಟದಾಗಿ ಬಿಗಿಯುತ್ತ ಸಡಿಲಾಗುತ್ತ ಇರುತ್ತವೆ. ನಮಗೆ ಗೊತ್ತೇ ಆಗದಂತೆ ಗಂಟೆಗಟ್ಟಲೆ ಅವು ದುಡಿಯುತ್ತವೆ. ಕಣ್ಣಿಗೂ ಬಿಡುವಿಲ್ಲ. ಕಿಟಕಿಯಲ್ಲಿ ಓಡುವ ಕಂಬವನ್ನು ಹಿಡಿದು, ಅದು ಜಾರಿದೊಡನೆ ಮುಂದಿನದಕ್ಕೆ ಜಿಗಿಯುತ್ತದೆ. ಎದುರು ಕೂತವರ ಕಣ್ಣುಗುಡ್ಡೆ ನೋಡಿ, ಈ ಜಿಗಿತ ಕಾಣುತ್ತದೆ!

ಇನ್ನು ನಿದ್ದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬಾರದಿರುವುದು ಎಲ್ಲರಿಗೂ ಗೊತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದರ ಗುಟ್ಟು ತಿಳಿಸಿದರು. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗದ ಕೆಲವು ಕಡೆ ನಿದ್ದೆ ಆಳವಾಗುವುದಿಲ್ಲ. ಕಾವಲುಗಾರನಂತೆ ಸದ್ದಿಗೆ ಕಿವಿಗೊಟ್ಟಿರುತ್ತದೆ. ಡಾಲ್ಫಿನ್‌ಗಳು ಅರ್ಧ ಮಿದುಳಿನಲ್ಲಿ ಮಲಗುತ್ತವಲ್ಲ, ಅದರ ಸಣ್ಣ ನೆರಳು ನಮ್ಮಲ್ಲೂ ಇದೆ. ಹಾಗಾದರೆ ದಿನಕ್ಕೊಂದು ಊರು ಬದಲಿಸುವವರ ಗತಿ? ಅವರಿಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ. ಒಂಟಿಯಾಗಿದ್ದರಂತೂ ಚೀಲ ಕಾಯುವ ಕೆಲಸವೂ ಆ ಕಾವಲುಗಾರನದೇ.

ಇದೇ ಎಚ್ಚರ ಹಗಲಲ್ಲಿ ಬೆರಗಾಗುತ್ತದೆ. ಪರಿಚಯದ ಓಣಿಯಲ್ಲಿ ಕಣ್ಣಿಗೆ ಬೀಳದ ಬೇವಿನ ಮರ, ಬಾವಿಗಡಗಡಿ, ಅಂಗಡಿಯ ಬೋರ್ಡು ಹೊಸ ಊರಿನಲ್ಲಿ ಎದ್ದು ಕಾಣುತ್ತವೆ. ಆದರೆ ಮೂರನೇ, ನಾಲ್ಕನೇ ದಿನ ದಣಿವು ಗೆಲ್ಲುತ್ತದೆ. ಆಗ ಗೋಲಗುಂಬಜ್ ಎದುರು ನಿಂತರೂ ಆಕಳಿಕೆಯೇ.

ಕಿಟಕಿಯ ಪಾಠ

ವಿಜಯಪುರ ಹತ್ತಿರವಾದಾಗ ಒಂದು ಪ್ರಯೋಗ ಮಾಡಿ. ಹಳಿ ಪಕ್ಕದ ಕಂಬ ಸರ್ರನೆ ಹಿಂದೋಡುತ್ತದೆ. ದೂರದ ಮರ ನಿಧಾನವಾಗಿ ಸರಿಯುತ್ತದೆ. ಅಷ್ಟು ಆಚೆ ಕಾಣುವ ಗೋಲಗುಂಬಜ್ ಮಾತ್ರ ನಮ್ಮ ಜೊತೆಗೇ ಬಂದಂತೆ ಕಾಣುತ್ತದೆ! ರೈಲು ಅಷ್ಟೇ ದೂರ ಹೋದರೂ ಹತ್ತಿರದ ವಸ್ತುವಿನ ಕಡೆಗಿನ ಕೋನ ಬೇಗ ಬದಲಾಗುತ್ತದೆ, ದೂರದ್ದು ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕೇ ಈ ಆಟ.

ಓಡುತ್ತ ನೋಡುವವರಿಗೆ ದೊಡ್ಡದು ಮಾತ್ರ ನೆನಪುಳಿಯುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಅಜ್ಜಿಯ ಪ್ರಶ್ನೆಯ ಅರ್ಥವೂ ಇದೇ.

'ರೋಡ್' ಎಂದರೆ ಇಳಿ ಎಂದರ್ಥ

ಈ ಹಾದಿಯಲ್ಲಿ ಎರಡು ನಿಲ್ದಾಣಗಳ ಫಲಕ ಗಮನಿಸಿ: 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್'. ಊರ ಹೆಸರಿನ ಜೊತೆ 'ರೋಡ್' ಇದ್ದರೆ, ಊರು ಹಳಿಯಿಂದ ದೂರ, ಇಲ್ಲಿಳಿದು ರಸ್ತೆ ಹಿಡಿಯಬೇಕು ಎಂದು ರೈಲ್ವೆಯವರ ಸೂಚನೆ. ಅವಸರದವರು ಫಲಕ ಓದಿ ಮುಂದೆ ಹೋಗುತ್ತಾರೆ. ಇಳಿದವರಿಗೆ ಇಂಡಿಯಲ್ಲಿ ನಿಂಬೆ ತೋಟಗಳು ಸಿಗುತ್ತವೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು ಅದು. ಬಾಗೇವಾಡಿಯಲ್ಲಿ 12ನೇ ಶತಮಾನದ ಬಸವಣ್ಣನವರ ಜನ್ಮಸ್ಥಳ ಸಿಗುತ್ತದೆ.

ಇಂಡಿ ರೋಡ್ ಮತ್ತು ವಿಜಯಪುರದ ನಡುವೆ ನಿಂಬಾಳ ಎಂಬ ಪುಟ್ಟ ನಿಲ್ದಾಣವಿದೆ. ಜಮಖಂಡಿಯಲ್ಲಿ ಹುಟ್ಟಿ, ದೂರದ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿ ಅಲ್ಲಿಯ ಕುಲಪತಿಯೂ ಆದ ಗುರುದೇವ ರಾನಡೆಯವರು ನೆಲೆ ನಿಲ್ಲಲು ಆರಿಸಿಕೊಂಡದ್ದು ಈ ಸದ್ದಿಲ್ಲದ ಊರನ್ನು. 1957ರಲ್ಲಿ ಅವರು ಕೊನೆಯುಸಿರೆಳೆದದ್ದೂ ಇಲ್ಲೇ. ಅವರ ಆಶ್ರಮ ಈಗಲೂ ಇದೆ.

ವಿಜಯಪುರ ದಾಟಿದರೆ ಡೋಣಿ ನದಿಯ ಕರಿನೆಲ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬ ಮಾತು ಇಲ್ಲಿ ಹಿರಿಯರ ಬಾಯಲ್ಲಿದೆ. ಹಿಂಗಾರಿನಲ್ಲಿ ಹೋದರೆ ಆ ಮಾತು ಕಣ್ಣಿಗೇ ಕಾಣುತ್ತದೆ, ದಿಗಂತದವರೆಗೂ ಬಿಳಿಜೋಳ. ಮುಂದೆ ಆಲಮಟ್ಟಿ. 1964ರ ಮೇ 22ರಂದು ಈ ಅಣೆಕಟ್ಟೆಗೆ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಹಿಂದೆ ರೈಲ್ವೆ ಮಂತ್ರಿಯಾಗಿದ್ದಾಗ, 1956ರಲ್ಲಿ ಅರಿಯಲೂರು ರೈಲು ದುರಂತದ ಹೊಣೆ ಹೊತ್ತು ರಾಜೀನಾಮೆ ಕೊಟ್ಟವರು ಅವರೇ. ಜಲಾಶಯಕ್ಕೆ ಅವರದೇ ಹೆಸರು.

ಹಳಿ ತಲುಪದ ಊರುಗಳು

ಸಿಂದಗಿ, ಮುದ್ದೇಬಿಹಾಳಗಳಿಗೆ ಈ ಹಳಿ ಹೋಗುವುದಿಲ್ಲ. ವೇಳಾಪಟ್ಟಿ ನೋಡಿಯೇ ಊರು ಆರಿಸುವವರಿಗೆ ಅವು ಇಲ್ಲವೇ ಇಲ್ಲ! ಆದರೆ ಶಾಸನ, ವಚನಗಳ ದೊಡ್ಡ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು. ಮುದ್ದೇಬಿಹಾಳದ ಕಡೆ ಹೋದರೆ ಕೃಷ್ಣೆಯ ದಡದಲ್ಲಿ ತಂಗಡಗಿ. 1565ರ ಜನವರಿಯಲ್ಲಿ ವಿಜಯನಗರದ ಹಣೆಬರಹ ಬರೆದ ರಕ್ಕಸಗಿ-ತಂಗಡಗಿ ಯುದ್ಧದ ಹೆಸರಿನಲ್ಲಿರುವ ಊರು. ಅದನ್ನೇ ತಾಳಿಕೋಟೆ ಯುದ್ಧವೆಂದು ಪಾಠದಲ್ಲಿ ಓದುತ್ತೀರಿ. ವಿಜಯಪುರದಿಂದ ಸಿಂದಗಿ ಸುಮಾರು 60 ಕಿ.ಮೀ. ಬಸ್ಸು ಹಿಡಿಯಬೇಕು, ಸೀಟಿನಲ್ಲಿ ಪಕ್ಕದವರಿಗೆ ಜಾಗ ಕೊಡಬೇಕು, "ಯಾವೂರ್ರೀ?" ಎಂಬ ಪ್ರಶ್ನೆಗೆ ಉತ್ತರಿಸಬೇಕು. ಒಂಟಿ ಪ್ರಯಾಣ ಒಂಟಿಯಾಗಿ ಉಳಿಯದಿರುವುದು ಇಂಥಲ್ಲೇ.

ಹೊರಡುವವರಿಗೆ ನಾಲ್ಕು ಮಾತು

• ಎರಡು ದಿನ ಓಡಿದರೆ ಮೂರನೇ ದಿನ ಒಂದೇ ಊರಿನಲ್ಲಿರಿ. ಎರಡನೇ ರಾತ್ರಿ ಕಾವಲುಗಾರ ಸ್ವಲ್ಪ ಮಲಗುತ್ತಾನೆ.

• ಚೀಲ ಹೊತ್ತು ಮನೆಯ ಮೆಟ್ಟಿಲು ಹತ್ತಿ ಇಳಿಯಿರಿ. ಏದುಸಿರು ಬಂದರೆ ಅರ್ಧ ಸಾಮಾನು ತೆಗೆಯಿರಿ.

• ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಯಷ್ಟು ನಂಬಿಕಸ್ಥ ಸಂಗಾತಿ ಇಲ್ಲ. ನೀರು ಮರೆಯಬೇಡಿ.

• ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಿ, ಯಾವ ಗಾಡಿ, ಯಾವ ಡಬ್ಬಿ ಎಂದು ತಿಳಿಸಿ. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಬಹುದು.

ಶಾಲೆಯ ಮಕ್ಕಳಿಗೆ ಒಂಟಿ ಓಟ ಈಗಲೇ ಬೇಡ. ನಿಮಗೆ ಅದಕ್ಕಿಂತ ಒಳ್ಳೆಯ ಜೊತೆಗಾರರು ಮನೆಯಲ್ಲೇ ಇದ್ದಾರೆ. ಅಜ್ಜ ಬೇಗ ದಣಿಯುತ್ತಾರೆ, ನೀವು ಬೇಗ ಬೇಸರಪಡುತ್ತೀರಿ. ಹಾಗಾಗಿ ಇಬ್ಬರೂ ಆಗಾಗ ಇಳಿಯಲೇಬೇಕು! ಮುಂದಿನ ರಜೆಯಲ್ಲಿ ಹೆಸರಿನ ಕೊನೆಗೆ 'ರೋಡ್' ಇರುವ ಒಂದು ನಿಲ್ದಾಣ ಹುಡುಕಿ, ಅಲ್ಲಿಳಿದು ಊರೊಳಗೆ ಹೋಗಿ. ಕಂಡದ್ದನ್ನು ಹತ್ತು ಸಾಲಿನಲ್ಲಿ ಬರೆದಿಡಿ. "ಏನು ನೋಡಿದಿ?" ಎಂದು ಅಜ್ಜಿ ಕೇಳಿದಾಗ ಓದಿ ಹೇಳಬಹುದು.