ಮೈಮೇಲೆ ಬರುವುದು: ಸಂಸ್ಕೃತಿಬದ್ಧ ಮನೋವ್ಯಾಧಿಗಳನ್ನು ಕುರಿತು ಒಂದು ವಿವೇಚನೆ
(ಶಿಕಾರಿಪುರ–ಸೊರಬ ಸೀಮೆಯನ್ನು ಅನುಲಕ್ಷಿಸಿ)

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಮೇಲೊಂದು ಸತ್ತುಬಿದ್ದವು. ಕಾಡಿನಂಚಿನ ಜನರು ಜ್ವರಪೀಡಿತರಾದರು. ಉಣುಗಿನ ಮೂಲಕ ಹರಡುವ ವೈರಾಣುವೊಂದು ಇದಕ್ಕೆ ಕಾರಣವೆಂದು ಸಂಶೋಧಕರು ನಿರ್ಣಯಿಸಿ, ಆ ಕಾಡಿನ ಹೆಸರನ್ನೇ ರೋಗಕ್ಕಿಟ್ಟರು. ಮಂಗನ ಕಾಯಿಲೆಯೆಂದು ನಾವು ಕರೆಯುವುದು ಇದನ್ನೇ. ಇದು ಸ್ಥಳಕ್ಕೆ ಅಂಟಿದ ರೋಗ. ಆದರೆ ಕಚ್ಚುವ ಉಣುಗು ಮನುಷ್ಯನ ಭಾಷೆಯನ್ನಾಗಲಿ ಮನೆದೇವರನ್ನಾಗಲಿ ವಿಚಾರಿಸುವುದಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಸಂಕಟವುಂಟು. ಅದು ಕನ್ನಡದಲ್ಲಿ ಮಾತನಾಡುತ್ತದೆ. ದೇವತೆಯ ಅಥವಾ ಸತ್ತವರ ಹೆಸರು ಹೇಳುತ್ತದೆ. ಸೀರೆಯನ್ನೋ ಎಡೆಯನ್ನೋ ಬೇಡುತ್ತದೆ. ‘ಮೈಮೇಲೆ ಬಂದಿದೆ’, ‘ಗಾಳಿ ಸೋಕಿದೆ’, ‘ಹಿಡಿದುಕೊಂಡಿದೆ’ ಎಂಬ ಮಾತುಗಳಿಂದ ಜನರು ಸೂಚಿಸುವುದು ಇದನ್ನು. ರೋಗವೊಂದು ಹೀಗೆ ಒಂದು ಜನಾಂಗದ ನಂಬುಗೆಯ ರೂಪವನ್ನೇ ತಳೆದು ಬರುವುದಾದರೆ ಅದನ್ನು ಏನೆಂದು ತಿಳಿಯಬೇಕು? ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಹೊರಟಿರುವುದು ಇಷ್ಟನ್ನು.

1. ಹೆಸರಿನ ಚರಿತ್ರೆ

‘ಸಂಸ್ಕೃತಿಬದ್ಧ ಲಕ್ಷಣಕೂಟ’ವೆಂಬ ಪರಿಭಾಷೆಯನ್ನು ಬಳಕೆಗೆ ತಂದವನು ಹಾಂಗ್‌ಕಾಂಗಿನ ಮನೋವೈದ್ಯ ಯಾಪ್; ಕಾಲ 1960ರ ದಶಕ. ಮಲಯದ ‘ಅಮೋಕ್’, ಆಗ್ನೇಯ ಏಷ್ಯದ ‘ಕೋರೋ’ ಮೊದಲಾದವು ಇದರೊಳಗೆ ಸೇರಿದವು. ಅಮೆರಿಕದ ಮನೋವೈದ್ಯ ಸಂಘವು 1994ರ ತನ್ನ ಕೈಪಿಡಿಯಲ್ಲಿ ಇಂಥವುಗಳ ಪಟ್ಟಿಯನ್ನು ಅನುಬಂಧವಾಗಿ ಸೇರಿಸಿತು. 2013ರ ಆವೃತ್ತಿಯಲ್ಲಾದರೋ ಆ ಹೆಸರನ್ನೇ ಕೈಬಿಟ್ಟು ‘ಸಂಕಟದ ಸಾಂಸ್ಕೃತಿಕ ಪರಿಕಲ್ಪನೆಗಳು’ ಎಂಬುದನ್ನು ಸ್ವೀಕರಿಸಿತು. ಪೂರ್ವದೇಶಗಳ ರೋಗಗಳು ಮಾತ್ರ ಸಂಸ್ಕೃತಿಬದ್ಧ, ಪಶ್ಚಿಮದವು ಸಾರ್ವತ್ರಿಕ ಎಂಬ ಎಣಿಕೆ ನಿಲ್ಲದೆಹೋದುದೇ ಈ ಮಾರ್ಪಾಟಿಗೆ ಮುಖ್ಯ ಕಾರಣ.

ನಮ್ಮ ದೇಶದ ನಿದರ್ಶನದಿಂದಲೇ ಇದು ಸ್ಪಷ್ಟಪಡುತ್ತದೆ. ಶುಕ್ರನಾಶದಿಂದ ದೇಹ ಸವೆಯುತ್ತಿದೆಯೆಂದು ಹೆದರಿ, ನಿಶ್ಶಕ್ತಿ, ನಿದ್ರಾಹೀನತೆ, ಖಿನ್ನತೆಗಳಿಂದ ಬಳಲುವ ತರುಣರ ಸ್ಥಿತಿಗೆ ಡಾ. ನರೇಂದ್ರನಾಥ ವಿಗ್ 1960ರಲ್ಲಿ ‘ಧಾತ್’ ಲಕ್ಷಣಕೂಟವೆಂದು ಹೆಸರಿಟ್ಟರು. ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರವು ಕೊನೆಯದು, ಸಾರಭೂತವಾದುದು. ಆದುದರಿಂದ ಈ ಭಯ ಭಾರತೀಯವೆಂದು ಬಗೆದರು. ಆದರೆ ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೋ ಇದೇ ಭಯವನ್ನು ಗ್ರಂಥರೂಪದಲ್ಲಿ ಬಿತ್ತಿದನು. ಯುರೋಪಿನ ವೈದ್ಯರು ನೂರು ವರ್ಷಕ್ಕೂ ಮಿಗಿಲಾಗಿ ಅದನ್ನು ನಂಬಿದರು. ವಿಜ್ಞಾನ ಬೆಳೆದಂತೆ ಅಲ್ಲಿ ಅದು ಅಳಿಯಿತು. ಇಲ್ಲಿ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ಅದನ್ನು ಪೋಷಿಸುತ್ತಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಚಿಂತೆಯಲ್ಲಿದ್ದರೆ ಅವರು ತಿಳಿಯಬೇಕಾದುದು ಇಷ್ಟೆ: ಸ್ವಪ್ನಸ್ಖಲನವು ದೇಹದ ಸಹಜ ಧರ್ಮ, ಅದರಿಂದ ಬಲಹಾನಿಯಿಲ್ಲ, ಪೀಡಿಸುತ್ತಿರುವುದು ಭಯ, ಮತ್ತು ಭಯಕ್ಕೆ ಚಿಕಿತ್ಸೆಯುಂಟು.

2. ಆವೇಶದ ಸ್ವರೂಪ

ಮೈಮೇಲೆ ಬರುವುದೆಲ್ಲ ರೋಗವಲ್ಲ. ಜಾತ್ರೆಯ ದಿನ ಪಾತ್ರಿಗೆ ಆವೇಶ ಬರುತ್ತದೆ. ವಾದ್ಯ ನಿಂತೊಡನೆ ಇಳಿಯುತ್ತದೆ. ಮರುದಿನ ಅವನು ಗದ್ದೆಗೆ ಹೋಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣ 2022ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಆವೇಶವು ವ್ಯಾಧಿಯೆನಿಸಬೇಕಾದರೆ ಅದು ಇಚ್ಛೆಗೆ ಮೀರಿ ಬರಬೇಕು, ಆಚಾರಸಮ್ಮತವಾದ ಸಂದರ್ಭದ ಹೊರಗೆ ಬರಬೇಕು, ತೀವ್ರ ಸಂಕಟವನ್ನು ಅಥವಾ ಬಾಳಿನ ಕುಂದನ್ನು ಉಂಟುಮಾಡಬೇಕು.

ಮನೋವೈದ್ಯರ ವಿವರಣೆ ಹೀಗಿದೆ: ಬಾಯಿಬಿಟ್ಟು ಹೇಳಲಾಗದ ಒತ್ತಡದಲ್ಲಿ ಪ್ರಜ್ಞೆಯ ಅಖಂಡತೆ ಸೀಳಿ, ಒಂದು ಭಾಗವು ಬೇರೊಬ್ಬರ ಧ್ವನಿಯಾಗಿ ಹೊರಬರುತ್ತದೆ. ಸೊಸೆಯ ಮಾತನ್ನು ಕೇಳದ ಮನೆ ದೇವಿಯ ಮಾತಿಗೆ ಕೈಮುಗಿಯುತ್ತದೆ. ಇದು ನಟನೆಯಲ್ಲ. ಪರೀಕ್ಷೆ ಸಮೀಪಿಸಿದಾಗ ತರಗತಿಯಲ್ಲಿ ಮೈಮೇಲೆ ಬಂದ ಹುಡುಗಿಯೊಬ್ಬಳನ್ನು ಕಂಡು ಇದು ಪಾಠ ತಪ್ಪಿಸಿಕೊಳ್ಳುವ ಉಪಾಯವೆಂದು ನಾವೂ ಒಮ್ಮೆ ಗದರಿದ್ದುಂಟು. ಆಕೆ ಓದನ್ನೇ ಬಿಟ್ಟಳು. ಮನೆಯಲ್ಲಿ ಆಕೆಗೊಪ್ಪದ ಮದುವೆಯ ಮಾತುಕತೆ ನಡೆದಿತ್ತೆಂಬುದು ಅನಂತರ ತಿಳಿಯಿತು. ಈ ಲೇಖನಕ್ಕೆ ಆ ತಪ್ಪೂ ಒಂದು ಪ್ರೇರಣೆ.

3. ಶಿಕಾರಿಪುರದ ಪೂರ್ವಸಾಕ್ಷ್ಯ

ಒಂದೇ ಬಾಹ್ಯಲಕ್ಷಣವನ್ನು ಒಂದೊಂದು ಸಮಾಜ ಒಂದೊಂದು ಬಗೆಯಾಗಿ ಓದುತ್ತದೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. ಹನ್ನೆರಡನೆಯ ಶತಮಾನದಲ್ಲಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಮಹಾದೇವಿ ಉಡುಗೆಯನ್ನು ತೊರೆದು, ಕೇಶವನ್ನೇ ಹೊದ್ದು ಹೊರಟಳೆಂಬುದು ಪರಂಪರೆ. ಇಂದು ಅಂಥವಳೊಬ್ಬಳು ಬೀದಿಗೆ ಬಂದರೆ ನಾವು ಮೊದಲು ಮಾಡುವ ನಿರ್ಣಯ ಯಾವುದೆಂದು ಹೇಳಬೇಕಾಗಿಲ್ಲ. ಕಲ್ಯಾಣದಲ್ಲಿ ಅವಳನ್ನು ಎದುರುಗೊಂಡ ಅಲ್ಲಮಪ್ರಭು, ಅವನೂ ಇದೇ ತಾಲ್ಲೂಕಿನ ಬಳ್ಳಿಗಾವೆಯವನೆಂದು ಪ್ರತೀತಿ, ಕಠಿಣವಾಗಿ ಪ್ರಶ್ನಿಸಿದನು, ಉತ್ತರವನ್ನು ಕೇಳಿದನು, ಅನಂತರ ನಿರ್ಣಯಿಸಿದನು. ಈ ಕ್ರಮ ಗಮನಾರ್ಹವಾದುದು.

ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕಾಳಾಮುಖರ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗದೊಡನೆ ದೀನರು, ಕುಂಟರು, ಕುರುಡರು, ಕಿವುಡರಿಗೆ ಅನ್ನವೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವೂ, ಸಕಲ ಜೀವಿಗಳಿಗೆ ಅಭಯವೂ ಅಲ್ಲಿ ದೊರೆಯುತ್ತಿತ್ತು. ಅನ್ನ, ಔಷಧ, ಅಭಯಗಳನ್ನು ಒಂದೇ ಛಾವಣಿಯಡಿ ಎಣಿಸಿದ ಈ ವಿವೇಕ ನಮ್ಮದೇ ನೆಲದ್ದು. ಚರಕನೂ ಉನ್ಮಾದವನ್ನು ಕುರಿತು ಹೇಳುವಾಗ, ತನ್ನ ಕರ್ಮದಿಂದ ಕ್ಲೇಶಗೊಳ್ಳದವನನ್ನು ದೇವಗಂಧರ್ವರಾಗಲಿ ಪಿಶಾಚರಾಗಲಿ ಪೀಡಿಸಲಾರರೆಂದು ಸೂಚಿಸುತ್ತಾನೆ. ಕಾರಣವನ್ನು ಮನುಷ್ಯನಲ್ಲಿಯೇ ಅರಸಬೇಕೆಂಬುದು ನಮಗೆ ಹೊಸ ಮಾತಲ್ಲ.

4. ಚಂದ್ರಗುತ್ತಿ, 1986

ಸೊರಬ ತಾಲ್ಲೂಕಿನ ಚಂದ್ರಗುತ್ತಿ ಬೆಟ್ಟದ ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಬರುವ ಪದ್ಧತಿಯಿತ್ತು. ರೋಗನಿವಾರಣೆ, ಸಂತಾನ, ವಿವಾಹ ಇವೇ ಹರಕೆಯ ಕಾರಣಗಳು. ಭಕ್ತರಲ್ಲಿ ಬಹುಮಂದಿ ದಲಿತ ಮತ್ತು ಹಿಂದುಳಿದ ವರ್ಗಗಳ ಬಡವರು. 1986ರ ಮಾರ್ಚ್ ತಿಂಗಳಲ್ಲಿ ಇದನ್ನು ತಡೆಯಬಂದ ಕಾರ್ಯಕರ್ತರ ಮತ್ತು ಪೊಲೀಸರ ಮೇಲೆ ಜನರು ತಿರುಗಿಬಿದ್ದು ಅವರನ್ನೇ ವಿವಸ್ತ್ರಗೊಳಿಸಿದರು. ಬಳಿಕ ಸರ್ಕಾರವು ಬೆತ್ತಲೆಸೇವೆಯನ್ನು ನಿಷೇಧಿಸಿತು. ಯು. ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧದಿಂದ ಈ ಚರ್ಚೆ ನಾಡಿನಾಚೆಗೂ ಹಬ್ಬಿತು.

ಹರಕೆಯು ರೋಗವಲ್ಲ, ಅದನ್ನು ಸಾಮೂಹಿಕ ಹುಚ್ಚೆಂದು ಕರೆಯುವುದು ವೈದ್ಯವೂ ಅಲ್ಲ, ಚರಿತ್ರೆಯೂ ಅಲ್ಲ. ಆದರೆ ಬಡ ಹೆಣ್ಣಿನ ಮಾನವೇ ರೋಗನಿವಾರಣೆಯ ಬೆಲೆಯಾಗಬಾರದೆಂಬುದೂ ಸತ್ಯ. ನಿಷೇಧವು ನ್ಯಾಯ್ಯವೇ ಆಗಿತ್ತು. ಆದರೆ ಹರಕೆಗೆ ಕಾರಣವಾದ ಚರ್ಮರೋಗವನ್ನೂ ಬಂಜೆತನದ ದುಃಖವನ್ನೂ ನಿಷೇಧದಿಂದ ಅಳಿಸಲಾಗದು. ಆಸ್ಪತ್ರೆಯೂ ಆಸರೆಯೂ ಅಲ್ಲಿಗೆ ಬರಬೇಕಾಗಿತ್ತು.

5. ನಮ್ಮ ಕರ್ತವ್ಯ

ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಅಲ್ಲಿನ ಜನರು ಪಾತ್ರಿ, ಮಂತ್ರವಾದಿಗಳ ಬಳಿಗೂ ವೈದ್ಯರ ಬಳಿಗೂ ಹೋಗುತ್ತಿದ್ದರು. ಒಂದನ್ನು ಕಿತ್ತು ಇನ್ನೊಂದನ್ನು ನೆಡುವ ಅಗತ್ಯವಿಲ್ಲ. ವೈದ್ಯರ ಬಾಗಿಲು ಹತ್ತಿರವಿರಬೇಕು. ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ತೋರಿಸಿದ ಮಾರ್ಗವೂ ಇದೇ. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಪೂಜೆಗೆ ಅಡ್ಡಿಯಿಲ್ಲ, ಹಿಂಸೆಗೆ ಅವಕಾಶವಿಲ್ಲ. ಮನೋರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಅಧಿನಿಯಮ ನಿಷೇಧಿಸುತ್ತದೆ. ದೆವ್ವ ಬಿಡಿಸುವ ನೆವದಲ್ಲಿ ಹೊಡೆಯುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯಿದೆಯಂತೆ ಅಪರಾಧ.

ಅಧ್ಯಾಪಕರಾದವರು ನೆನಪಿಡತಕ್ಕ ಕ್ರಮ ಸರಳವಾದುದು. ಮೊದಲು ದೇಹವನ್ನು ನೋಡಬೇಕು: ಜ್ವರ, ತಲೆನೋವು, ನಡುಕ, ಸೆಳವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಅಪಸ್ಮಾರವೂ ಮೆದುಳಿನ ಉರಿಯೂತವೂ ದೆವ್ವದ ವೇಷದಲ್ಲಿ ಬರುವುದುಂಟು. ಮಂಗನ ಕಾಯಿಲೆಯ ಎರಡನೆಯ ಘಟ್ಟದಲ್ಲಿಯೂ ಕೆಲವರಿಗೆ ಬುದ್ಧಿ ಕದಡುತ್ತದೆ. ಅನಂತರ ಗುಂಪನ್ನು ಚದುರಿಸಿ, ಏಕಾಂತದಲ್ಲಿ ಏನಾಯಿತೆಂದು ಕೇಳಬೇಕು, ಗದರಬಾರದು, ನಗಬಾರದು. ಬಳಿಕ ಮನೋವೈದ್ಯರ ನೆರವು ಪಡೆಯಬೇಕು. 14416 ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಸಂಕಟದ ವೇಷ ಸಂಸ್ಕೃತಿಬದ್ಧ, ಸಂಕಟವಲ್ಲ. ದೇವಿಯ ಧ್ವನಿಯಲ್ಲಿ ನುಡಿಯುವ ಹುಡುಗಿ ಸುಳ್ಳಾಡುತ್ತಿಲ್ಲ. ನಿಜವನ್ನು ತನಗೆ ಲಭ್ಯವಾದ ಒಂದೇ ಭಾಷೆಯಲ್ಲಿ ಹೇಳುತ್ತಿದ್ದಾಳೆ. ಬಳ್ಳಿಗಾವೆಯ ಶಾಸನವು ಔಷಧದೊಡನೆ ಅಭಯವನ್ನು ಎಣಿಸಿದ್ದರ ಅರ್ಥವನ್ನು ನಾವು ನಮ್ಮ ತರಗತಿಗಳಲ್ಲಿ ಪುನಃ ಕಂಡುಕೊಳ್ಳಬೇಕಾಗಿದೆ.